ರೇಡಿಯೋ ಬರೆಯದ ಚೀಟಿ

ಬನ್ನು ಶಾಲೆಗೆ ಬಾರದೆ ಇವತ್ತಿಗೆ ಹನ್ನೊಂದು ದಿನ. ಅದಕ್ಕೆ ಕಾರಣ ಯಾರೆಂಬುದು ಇಡೀ ತರಗತಿಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಒಬ್ಬಳ ಸರದಿಯೇ ಇವತ್ತು ಬಂದು ಕೂತಿತ್ತು.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪತ್ತೇದಾರಿ ಎಂದು. ಎರಡು ತಿಂಗಳ ಹಿಂದೆ ಟೀಚರ್, "ಪುಸ್ತಕದಲ್ಲಿಲ್ಲದ್ದು, ನಿಮಗೆ ನಿಜವಾಗಿ ಇಷ್ಟವಾದದ್ದು ಯಾವುದಾದ್ರೂ ಒಂದನ್ನ ಹಿಡಿದು ಪ್ರಾಜೆಕ್ಟ್ ಮಾಡಿ" ಎಂದಾಗ ಒಬ್ಬ ಸೈಕಲ್ ಗೇರು ಎಂದ, ಒಬ್ಬಳು ಇರುವೆ ಎಂದಳು, ಕೊನೆಯ ಬೆಂಚಿನವನೊಬ್ಬ ನಿದ್ದೆ ಎಂದು ಬೈಸಿಕೊಂಡ. ಇವಳು ಕೈಬರಹ ಎಂದಳು. ಇವಳ ಚಿಕ್ಕಮ್ಮ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಡಾಕ್ಟರುಗಳು ಕೋಳಿ ಕೆದರಿದ ಹಾಗೆ ಗೀಚಿದ್ದನ್ನು ಓದಿ, ಇದು ಜ್ವರದ್ದು, ಇದು ಗ್ಯಾಸಿನದ್ದು ಎಂದು ಮಾತ್ರೆ ತೆಗೆದುಕೊಡುವುದೇ ಆಕೆಯ ಹೊಟ್ಟೆಪಾಡು. "ಅಕ್ಷರ ಓದೋಕೆ ಹೋಗ್ಬೇಡ ಕಣೇ, ಕೈ ಹೋದ ದಾರಿ ನೋಡು" ಎನ್ನುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಆ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಕೂತು ಹುಡುಗಿಗೂ ಆ ಕಣ್ಣು ಬಂದಿತ್ತು. ಪ್ರಾಜೆಕ್ಟಿಗೆಂದು ತರಗತಿಯವರ ನೋಟ್ಸ್ ಕಡ ತಂದು, ವಾರಕ್ಕೊಬ್ಬರಂತೆ ಅವರದೇ ಕೈಯಲ್ಲಿ ಬರೆಯುವುದನ್ನೂ ಕಲಿತಿದ್ದಳು. ಒಬ್ಬರ ಕೈ ತಿಳಿಯಬೇಕಾದರೆ ಆ ಕೈಯಾಗಿಯೇ ಬರೆಯಬೇಕು ಎಂಬುದು ಅವಳು ಸ್ವಂತ ಕಂಡುಕೊಂಡ ಸಂಗತಿ. ಅದರ ಬಗ್ಗೆ ಅವಳಿಗೆ ಸಣ್ಣದಲ್ಲದ ಜಂಬವೂ ಇತ್ತು.

ಟೀಚರ್ ಮಾಡಿದ್ದ ಪದ್ಧತಿ ಹೀಗಿತ್ತು: ದಿನಕ್ಕೊಬ್ಬರಂತೆ ತಮ್ಮ ಪ್ರಾಜೆಕ್ಟಿನ ಬಗ್ಗೆ ಎಲ್ಲರ ಮುಂದೆ ಮಾತಾಡಿ ಮುಗಿಸಿದ ಮೇಲೆ ಉಳಿದವರೆಲ್ಲ ಒಂದೊಂದು ಚೀಟಿ ಬರೆಯಬೇಕು. ಹಿಡಿಸಿದ್ದೇನು, ಹಿಡಿಸದ್ದೇನು, ಎರಡು ಸಾಲು. ಹೆಸರು ಹಾಕುವ ಹಾಗಿಲ್ಲ. "ಹೆಸರಿಲ್ದಿದ್ರೆ ಮನಸ್ಸಿನಲ್ಲಿರೋದು ಬರುತ್ತೆ" ಎಂದು ಟೀಚರ್ ನಂಬಿದ್ದರು. ಚೀಟಿಗಳು ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಬೀಳುತ್ತಿದ್ದವು. ಆಮೇಲೆ ಮಾತಾಡಿದವರೇ ಅವನ್ನು ಒಂದೊಂದಾಗಿ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಒಳ್ಳೆಯದಾದರೂ ಸರಿ, ಕೆಟ್ಟದಾದರೂ ಸರಿ, ಅರ್ಧಕ್ಕೆ ಬಿಡುವ ಹಾಗಿಲ್ಲ. ಒಳ್ಳೆಯ ಮನಸ್ಸಿನ ಜನ ಎಂಥೆಂಥ ನಿಯಮ ಮಾಡಿಬಿಡುತ್ತಾರೆ ನೋಡಿ.

ಹನ್ನೊಂದು ದಿನದ ಹಿಂದೆ ಬನ್ನು ಬ್ರೆಡ್ಡಿನ ಬಗ್ಗೆ ಮಾತಾಡಿದಳು. ಅವಳಪ್ಪನದು ಮೂರು ರಸ್ತೆ ಕೂಡುವಲ್ಲಿ ಒಂದು ಬೇಕರಿ, ಅದಕ್ಕೇ ಅವಳಿಗೆ ಆ ಹೆಸರು. ಬಿಸಿ ಬಿಸಿ ಬ್ರೆಡ್ಡುಗಳನ್ನು ಬುಟ್ಟಿಯಲ್ಲಿ ತಂದು ಎಲ್ಲರಿಗೂ ಹಂಚಿದ್ದಳು. ಹದಿನೈದು ನಿಮಿಷ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಮುಗಿದಾಗ ಬಿದ್ದ ಚಪ್ಪಾಳೆಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿ ಹೋದರು. ಮೂರನೆಯ ಬೆಂಚಿನಲ್ಲಿ ಕೂತಿದ್ದ ಪತ್ತೇದಾರಿಗೆ ಹೊಟ್ಟೆ ಧಗ್ಗೆಂದಿತು. ಎರಡು ತಿಂಗಳು ಕಣ್ಣು ಬಿಟ್ಟುಕೊಂಡು ದುಡಿದವಳು ತಾನು, ಇವಳಾದರೋ ಹಿಟ್ಟು ಕಲಸಿ ಎಲ್ಲರನ್ನೂ ಗೆದ್ದುಬಿಟ್ಟಳಲ್ಲ! ಚೀಟಿ ಕೈಗೆ ಬಂದಾಗ ಅವಳು ಬರೆದಳು: "ಎಲ್ಲರೂ ಚಪ್ಪಾಳೆ ತಟ್ಟಿದ್ದು ಬ್ರೆಡ್ಡಿಗೆ, ನಿನಗಲ್ಲ. ಬರಿಗೈಲಿ ಬಂದಿದ್ದರೆ ನಿನ್ನ ಮಾತು ಯಾರು ಕೇಳುತ್ತಿದ್ದರು?"

ತನ್ನ ಅಕ್ಷರದಲ್ಲಿ ಬರೆಯಲಿಲ್ಲ. ಆ ವಾರ ಅವಳು ತರಗತಿಯ ಬಾಯಿಬಡುಕಿ ರೇಡಿಯೋಳ ಕೈಯನ್ನು ಅಭ್ಯಾಸ ಮಾಡುತ್ತಿದ್ದಳು. ಕೈ ತಾನಾಗಿ ಆ ಓಟಕ್ಕೆ ಬಿದ್ದಿತು, ಅವಳು ತಡೆಯಲಿಲ್ಲ. ಮುಖ ಮುಚ್ಚಿಕೊಳ್ಳಲು ಒಂದು ಮುಸುಕು ಸಿಕ್ಕಿತು ಎಂದಷ್ಟೇ ಅವಳು ಯೋಚಿಸಿದ್ದು. ಆ ಮುಸುಕು ಇನ್ನೊಬ್ಬಳ ಮುಖ ಎಂಬುದು ಆಗ ತಲೆಗೆ ಹೋಗಲಿಲ್ಲ.

ಬನ್ನು ಆ ಚೀಟಿಯನ್ನು ತೆಗೆದು ಗಟ್ಟಿಯಾಗಿ ಓದಿದಳು. ನಡುವೆ ಒಮ್ಮೆ ದನಿ ನಿಂತಿತು. ನಿಯಮ ನೆನಪಾಗಿರಬೇಕು, ಉಗುಳು ನುಂಗಿ ಕೊನೆಯವರೆಗೂ ಓದಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬರೆದವರು ಎದ್ದು ನಿಲ್ಲಿ ಎಂದು ಟೀಚರ್ ಕೇಳಿದರು, ಗದರಿದರು, ಕೊನೆಗೆ ಬೇಡಿಕೊಂಡರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಇವತ್ತಿನ ಸರದಿ ತಪ್ಪಿಸಿಕೊಳ್ಳಲು ಪತ್ತೇದಾರಿ ಮಾಡದ ಪ್ರಯತ್ನವಿಲ್ಲ. ವಿಷಯ ಬದಲಾಯಿಸುತ್ತೇನೆಂದಳು, ಟೀಚರ್ ಒಪ್ಪಲಿಲ್ಲ. ಬೆಳಿಗ್ಗೆ ಜ್ವರ ಎಂದು ಮಲಗಿದಳು. ಚಿಕ್ಕಮ್ಮ ಹಣೆ ಮುಟ್ಟಿ ನೋಡಿ, "ಔಷಧಿ ಅಂಗಡಿಯವಳ ಹತ್ರ ಜ್ವರದ ನಾಟಕ ಆಡ್ತೀಯಾ? ಏಳು ಮೇಲೆ" ಎಂದು ಹೊದಿಕೆ ಎಳೆದು ಹಾಕಿದಳು.

ಹಾಗಾಗಿ ಅವಳೀಗ ಕಪ್ಪು ಹಲಗೆಯ ಮುಂದೆ ನಿಂತಿದ್ದಳು. ಹಿಂದೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಎಂಟು ಜನ ಸಹಪಾಠಿಗಳ ಅಕ್ಷರದ ಮಾದರಿ, ಪ್ರತಿಯೊಂದರ ಪಕ್ಕ ಅದರ ಗುರುತು. ಲೀಡರನದು ಇಸ್ತ್ರಿ ಹಾಕಿದ ಅಕ್ಷರ, ಗೆರೆ ಬಿಟ್ಟು ಕದಲದು. ರೇಡಿಯೋಳದು ತಲಕಟ್ಟು ಹುಬ್ಬು ಹಾರಿಸಿದ ಹಾಗೆ ಮೇಲೇರುತ್ತದೆ, ಕೊಂಬು ಬೇಕಾದ್ದಕ್ಕಿಂತ ಉದ್ದ, ಬ ಅಕ್ಷರ ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ. ಈ ಹಾಳೆಯನ್ನು ಅವಳು ಮೊದಲೇ ಮಾಡಿ ಟೀಚರಿಗೆ ತೋರಿಸಿಬಿಟ್ಟಿದ್ದಳು, ರೇಡಿಯೋಳ ಮಾದರಿಯನ್ನು ಈಗ ಹರಿದು ಹಾಕುವಂತಿರಲಿಲ್ಲ. ಅವಳು ಆದಷ್ಟೂ ಅದಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತಳು.

ಮಾತು ಹೇಗೋ ಸಾಗಿತು. ದನಿ ನಡುಗಿದ್ದನ್ನು ಎಲ್ಲರೂ ಸಭಾಕಂಪ ಎಂದುಕೊಂಡರು. ಕೊನೆಯಲ್ಲಿ ಪರೀಕ್ಷೆ: ಟೀಚರ್ ಬೆರಳು ಮಾಡಿದ ಐವರು "ನಾಳೆ ಬೆಳಿಗ್ಗೆ ಬೇಗ ಬರುತ್ತೇನೆ" ಎಂದು ಒಂದೊಂದು ಹಾಳೆಯಲ್ಲಿ ಬರೆದುಕೊಡಬೇಕು, ಇವಳು ಯಾರದು ಯಾವುದೆಂದು ಹೇಳಬೇಕು. ರೇಡಿಯೋ ಕೈ ಎತ್ತಿ ಎತ್ತಿ, ಬೆಂಚಿನ ಮೇಲೆ ಹತ್ತುವುದೊಂದು ಬಾಕಿ, ಐವರಲ್ಲಿ ಸೇರಿಕೊಂಡಳು. ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಗೇಟಿನಲ್ಲಿ ಶುರುವಾದರೆ ಸಂಜೆ ಗೇಟಿನವರೆಗೂ ನಿಲ್ಲಿಸುವವರಿಲ್ಲ. ಯಾರನ್ನಾದರೂ ಚುಡಾಯಿಸದೆ ಅವಳಿಗೆ ಉಂಡದ್ದು ಅರಗದು.

ಪತ್ತೇದಾರಿ ಐದಕ್ಕೆ ಐದೂ ಹೇಳಿದಳು. ತರಗತಿ ಹೋ ಎಂದಿತು. ಒಂದು ಕ್ಷಣ ಅವಳಿಗೂ ಖುಷಿಯಾಯಿತು, ಸುಳ್ಳೇಕೆ. ಇನ್ನೇನು ಮುಗಿಯಿತು, ಬದುಕಿದೆ ಎಂದುಕೊಂಡಳು.

ಆಗ ರೇಡಿಯೋ ಎದ್ದು ನಿಂತಳು. "ಟೀಚರ್, ಇವಳಿಗೆ ಇಷ್ಟೆಲ್ಲಾ ಗೊತ್ತಾಗೋದಾದ್ರೆ ಬನ್ನುಗೆ ಆ ಚೀಟಿ ಬರೆದ ಪುಣ್ಯಾತ್ಮರು ಯಾರು ಅಂತನೂ ಹೇಳ್ಲಿ. ಹನ್ನೊಂದು ದಿನದಿಂದ ನಾವೆಲ್ಲ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡ್ಕೊಂಡು ಕೂತಿದೀವಿ."

"ಹೌದು ಟೀಚರ್" ಎಂದರು ನಾಲ್ಕೈದು ಜನ. ಆಮೇಲೆ ಎಲ್ಲರೂ.

ಹನ್ನೊಂದು ದಿನದಿಂದ ನಿದ್ದೆಗೆಟ್ಟವರಲ್ಲಿ ಟೀಚರೂ ಒಬ್ಬರು. ಹಾಜರಿ ಪುಸ್ತಕ ತೆರೆದು, ಹಿಂದಿನ ರಟ್ಟಿನ ಒಳಗಿನಿಂದ ಮಡಚಿದ ಚೀಟಿಯನ್ನು ತೆಗೆದು ಪತ್ತೇದಾರಿಯ ಕೈಗಿಟ್ಟರು. "ನೋಡು ಮಗೂ. ಖಂಡಿತ ಗೊತ್ತಾದ್ರೆ ಮಾತ್ರ ಹೇಳು."

ಅವಳು ಚೀಟಿ ಬಿಡಿಸಿ, ಓದುವವಳಂತೆ ಕಣ್ಣಾಡಿಸಿದಳು. ಅದರಲ್ಲಿರುವುದು ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. "ಗೊತ್ತಾಗ್ತಿಲ್ಲ ಟೀಚರ್" ಎಂದಳು. "ಬೇಕಂತಲೇ ಬದಲಾಯಿಸಿ ಬರೆದ ಹಾಗಿದೆ. ಇಂಥದ್ದೆಲ್ಲ ಹೇಳೋದು ಕಷ್ಟ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊದಲ ಬೆಂಚಿನ ಲೀಡರನಿಗೆ ಯಾವುದೂ ಅರ್ಧಕ್ಕೆ ನಿಲ್ಲಬಾರದು. ಲೆಕ್ಕದ ಉತ್ತರ ಸರಿ ಬಂದರೂ ತಾಳೆ ನೋಡುವ ಜಾತಿ ಅವನದು. ಅವನು ಎದ್ದು ಬಂದು, "ಕೊಡು ಇಲ್ಲಿ, ನೀನು ಹೇಳಿಕೊಟ್ಟ ಹಾಗೇ ನೋಡೋಣ" ಎಂದು ಚೀಟಿ ತೆಗೆದುಕೊಂಡು ಹಾಳೆಯ ಹತ್ತಿರ ಹೋದ. ಅವಳು ಸರಿಯದೆ ನಿಂತಳು. "ಸ್ವಲ್ಪ ಜರುಗೇ, ಕಾಣಿಸ್ತಿಲ್ಲ" ಎಂದ. ಅವಳು ಸರಿಯಲೇಬೇಕಾಯಿತು.

ಒಂದನೆಯ ಮಾದರಿ, ಅಲ್ಲ. ಎರಡನೆಯದು, ಅಲ್ಲ. ಐದನೆಯದಕ್ಕೆ ಬಂದಾಗ ಅವನ ಬೆರಳು ನಿಂತಿತು.

"ತಲಕಟ್ಟು ಮೇಲಕ್ಕೆ" ಎಂದ. "ಕೊಂಬು ಉದ್ದ. ಬ ಹೊಟ್ಟೆ ಬಿಟ್ಟಿದೆ." ಆಮೇಲೆ ನಿಧಾನವಾಗಿ ತಿರುಗಿದ. "ರೇಡಿಯೋ."

ರೇಡಿಯೋ ಮೊದಲು ನಕ್ಕಳು. ತಮಾಷೆ ಎಂದುಕೊಂಡಿದ್ದಳು. ಇಪ್ಪತ್ತೇಳು ತಲೆಗಳು ತನ್ನ ಕಡೆ ತಿರುಗಿದ್ದನ್ನು ಕಂಡು ನಗು ಅರ್ಧಕ್ಕೆ ನಿಂತಿತು. "ಏ, ನಾನಲ್ಲಪ್ಪ! ನಾನ್ಯಾಕೆ ಬರೀಲಿ?"

"ನೀನೇ ತಾನೇ ಅವತ್ತು ಬನ್ನುಗೆ, ನೀನು ಹಿಟ್ಟಿನ ಜೊತೆ ಉಬ್ಬುತ್ತಾ ಇದೀಯಾ ಅಂದಿದ್ದು?" ಎಂದಳು ಇರುವೆಗಳ ಹುಡುಗಿ.

"ಅದು ತಮಾಷೆ ಕಣೇ! ಅವಳೂ ನಕ್ಕಿದ್ದಳು!"

"ನಿನಗೆಲ್ಲಾ ತಮಾಷೆನೇ" ಎಂದಿತು ಹಿಂದಿನಿಂದ ಒಂದು ದನಿ. "ಮಾಡಿದ್ದೂ ಇವಳೇ, ಪತ್ತೆ ಮಾಡಿ ಅಂತ ಎದ್ದು ನಿಂತಿದ್ದೂ ಇವಳೇ. ಎಂಥಾ ಧೈರ್ಯ ನೋಡು" ಎಂದಿತು ಇನ್ನೊಂದು.

"ನೀನೇನಾ?" ಎಂದರು ಟೀಚರ್. ಗದರಲಿಲ್ಲ, ಮೆಲ್ಲಗೆ ಕೇಳಿದರು. ಗದರಿದ್ದರೆ ವಾಸಿಯಿತ್ತು.

ರೇಡಿಯೋಳ ಬಾಯಿ ತೆರೆಯಿತು, ಮುಚ್ಚಿತು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಮಾತು ಸಿಗಲಿಲ್ಲ. ಕಿವಿಯವರೆಗೂ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅವಳು ತಿರುಗಿದ್ದು ಹಲಗೆಯ ಹತ್ತಿರ ನಿಂತವಳ ಕಡೆಗೆ. "ನೀನು ಹೇಳೇ. ನಿನಗೆ ಗೊತ್ತಾಗುತ್ತೆ. ಸರಿಯಾಗಿ ನೋಡಿ ಹೇಳು ಇವರಿಗೆ, ನಾನಲ್ಲ ಅಂತ."

ಪತ್ತೇದಾರಿಯ ಮನಸ್ಸಿನಲ್ಲಿ ಆ ಕ್ಷಣ ಬಂದದ್ದು ಕರುಣೆಯಲ್ಲ. ಸುಮ್ಮನಿದ್ದುಬಿಡು ಎಂದಿತು ಮನಸ್ಸು. ನೀನೇನೂ ಸುಳ್ಳು ಹೇಳಬೇಕಿಲ್ಲ, ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕು. ಲೀಡರ್ ಹೇಳಿದ್ದಾನೆ, ಎಲ್ಲರೂ ನಂಬಿದ್ದಾರೆ. ರೇಡಿಯೋ ಹೇಗೂ ಬಾಯಿಬಡುಕಿ, ನಾಲ್ಕು ದಿನ ಅತ್ತು ಮತ್ತೆ ಶುರು ಮಾಡುತ್ತಾಳೆ. ಹಗುರವಾದ ಹಾಗೆನ್ನಿಸಿತು. ಹನ್ನೊಂದು ದಿನದಲ್ಲಿ ಮೊದಲ ಸಲ ಎದೆಯ ಮೇಲಿನ ಕಲ್ಲು ಇಳಿದಂತೆ ಆಯಿತು. ಹಾಗೆ ಹಗುರವಾಯಿತಲ್ಲ, ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ರೇಡಿಯೋ ಇನ್ನೂ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

"ಇದು ರೇಡಿಯೋ ಬರೆದದ್ದಲ್ಲ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು.

"ಮತ್ತೆ ಎಲ್ಲಾ ಗುರುತೂ ಹೊಂದುತ್ತಲ್ಲ?" ಎಂದ ಲೀಡರ್.

"ಅದೇ ತಪ್ಪು. ಎಲ್ಲಾ ಹೊಂದಬಾರದು." ಅವಳು ರೇಡಿಯೋ ಈಗಷ್ಟೇ ಬರೆದುಕೊಟ್ಟ ಹಾಳೆಯನ್ನು ಚೀಟಿಯ ಪಕ್ಕ ಹಿಡಿದಳು. "ನಮ್ಮ ಚಿಕ್ಕಮ್ಮನ ಅಂಗಡಿಗೆ ಯಾರೋ ಒಬ್ಬ ಮನುಷ್ಯ ಡಾಕ್ಟರ ಅಕ್ಷರ ನಕಲು ಮಾಡ್ಕೊಂಡು ನಿದ್ದೆ ಮಾತ್ರೆಗೆ ಬಂದಿದ್ದ. ಥೇಟ್ ಅದೇ ಅಕ್ಷರ. ಆದ್ರೂ ಚಿಕ್ಕಮ್ಮ ಹಿಡಿದುಬಿಟ್ಟಳು. ನಮ್ಮ ಅಕ್ಷರ ನಾವು ಬರೆಯುವಾಗ ಲಕ್ಷ್ಯ ಕೊಡಲ್ಲ, ಅದಕ್ಕೆ ಒಂದೊಂದು ಸಲ ಒಂದೊಂದು ಥರ ಬರುತ್ತೆ. ರೇಡಿಯೋ ಹಾಳೆಯಲ್ಲಿ ಮೂರು ಬ ಇದಾವೆ, ನೋಡಿ. ಒಂದು ದಪ್ಪ, ಒಂದು ಓರೆ, ಒಂದು ಅವಸರದ್ದು. ಈ ಚೀಟಿಯಲ್ಲೂ ಮೂರು ಬ ಇದಾವೆ. ಮೂರೂ ಅಚ್ಚು ಹಾಕಿದ ಹಾಗೆ ಒಂದೇ. ಇದು ಅವಳ ಅಕ್ಷರವನ್ನ ಕಲಿತು ಬರೆದವರದ್ದು."

ಲೀಡರ್ ಎರಡನ್ನೂ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ತಾಳೆ ನೋಡಿದ. "ನಿಜ ಟೀಚರ್" ಎಂದ. ಆಮೇಲೆ, ಕೆಟ್ಟ ಉದ್ದೇಶ ಯಾವುದೂ ಇಲ್ಲದೆ, ಮುಂದಿನ ಪ್ರಶ್ನೆ ಅದೇ ಆದ್ದರಿಂದ ಕೇಳಿದ: "ಹಾಗಾದ್ರೆ ಇನ್ನೊಬ್ಬರ ಅಕ್ಷರ ಇಷ್ಟು ಚೆನ್ನಾಗಿ ಬರೆಯೋದು ಇಲ್ಲಿ ಯಾರಿಗೆ ಬರುತ್ತೆ?"

"ನನಗೆ" ಎಂದಳು ಪತ್ತೇದಾರಿ.

ಯಾರೂ ಹೋ ಎನ್ನಲಿಲ್ಲ. ಬೈಯಲೂ ಇಲ್ಲ. ರೇಡಿಯೋ ಕೂತಳು, ಡೆಸ್ಕಿನ ಮೇಲೆ ತಲೆಯಿಟ್ಟಳು, ಈಗ ಅತ್ತಳು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಅದರಲ್ಲಿ ಒರೆಸುವಂಥದ್ದು ಏನಿತ್ತೋ. "ಇವತ್ತು ಚೀಟಿ ಬೇಡ" ಎಂದರು.

"ಬೇಕು ಟೀಚರ್" ಎಂದಳು ರೇಡಿಯೋ, ತಲೆ ಎತ್ತದೆ. "ಬನ್ನು ಓದಿದ್ದಳಲ್ಲ. ಇವಳೂ ಓದಲಿ."

ಇಪ್ಪತ್ತೆಂಟು ಚೀಟಿಗಳು ಡಬ್ಬಕ್ಕೆ ಬಿದ್ದವು. ಪತ್ತೇದಾರಿ ಒಂದೊಂದಾಗಿ ತೆಗೆದು ಓದಿದಳು. "ಪರೀಕ್ಷೆ ಚೆನ್ನಾಗಿತ್ತು. ಆಮೇಲಿನದ್ದು ಚೆನ್ನಾಗಿರಲಿಲ್ಲ." "ಮೊದಲೇ ಹೇಳಬಹುದಿತ್ತು." "ನನ್ನ ನೋಟ್ಸ್ ವಾಪಸ್ ಕೊಡು." ಹತ್ತು ಹನ್ನೆರಡು ಖಾಲಿ. ಬೈಗುಳವೂ ಎರಡಿತ್ತು, ಅದನ್ನೂ ಓದಿದಳು. ಓದುವುದು ಅಷ್ಟು ಕಷ್ಟವಾಗಲಿಲ್ಲ. ಅವಳಿಗೆ ತಡೆಯಲಾಗದ್ದು ಬೇರೆ: ಒಂದು ಚೀಟಿಯೂ ಯಾರದೆಂದು ಗೊತ್ತಾಗಲಿಲ್ಲ. ಲೀಡರನೂ ಸೇರಿ ಎಲ್ಲರೂ ಬಸ್ಸಿನ ಬೋರ್ಡಿನಲ್ಲಿರುವಂಥ ನೆಟ್ಟಗಿನ, ಬಿಗಿಯಾದ ಅಕ್ಷರದಲ್ಲಿ ಬರೆದಿದ್ದರು. ಅವಳ ಕಣ್ಣಿಗೆ ತಮ್ಮ ಕೈ ಕಾಣಬಾರದೆಂದು ಇಡೀ ತರಗತಿ ಹುಷಾರಾಗಿಬಿಟ್ಟಿತ್ತು.

ಶಾಲೆ ಬಿಟ್ಟ ಮೇಲೆ ಅವಳು ಮನೆಗೆ ಹೋಗದೆ ಬನ್ನುವಿನ ಬೇಕರಿಗೆ ನಡೆದಳು. ಟೀಚರ್ ಹೋಗು ಎಂದಿರಲಿಲ್ಲ, ಹೋಗಬೇಡ ಎಂದೂ ಇರಲಿಲ್ಲ. ಬೇಕರಿಯ ಮುಂದೆ ಸಂಜೆಯ ಸಾಲು ಇತ್ತು. ಕೆಲಸ ಬಿಟ್ಟು ಬಂದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು. ಪಕ್ಕದಿಂದ ನುಗ್ಗಿ ಮಾತಾಡುವ ಧೈರ್ಯವಿಲ್ಲದೆ ಅವಳೂ ಸಾಲಿನಲ್ಲಿ ನಿಂತಳು, ಅವಳ ಹಿಂದೆ ಚೀಲ ಹಿಡಿದ ಅಜ್ಜ ಒಬ್ಬರು ಬಂದು ನಿಂತರು. ಒಳಗೆ ಬನ್ನುವಿನ ಅಪ್ಪ ಉದ್ದನೆಯ ಹಿಡಿಯ ಹಲಗೆಯಿಂದ ಒಲೆಯೊಳಗಿನ ಬ್ರೆಡ್ಡುಗಳನ್ನು ಎಳೆಯುತ್ತಿದ್ದರು. ಬನ್ನು ಒಂದೊಂದನ್ನೂ ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳಿ, ಕೆಲವನ್ನು ಕೌಂಟರಿಗೆ ಇಡುತ್ತಿದ್ದಳು, ಕೆಲವನ್ನು ಅಪ್ಪನ ಭುಜ ಮುಟ್ಟಿ ವಾಪಸ್ಸು ಕೊಡುತ್ತಿದ್ದಳು.

ಸಾಲು ಕರಗಿ ಪತ್ತೇದಾರಿಯ ಸರದಿ ಬಂತು. ಬನ್ನು ಕತ್ತೆತ್ತಿ ನೋಡಿದಳು. ಮುಖ ಬದಲಾಗಲಿಲ್ಲ.

"ಆ ಚೀಟಿ..." ಎಂದು ಶುರು ಮಾಡಿದಳು ಪತ್ತೇದಾರಿ.

"ಗೊತ್ತು. ರೇಡಿಯೋ ಬಂದು ಎಲ್ಲಾ ಹೇಳಿ ಹೋದ್ಲು, ಈಗೊಂದು ಅರ್ಧ ಗಂಟೆ ಆಯ್ತು."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಅಲ್ಲಿಗೆ ಬರಿದಾಯಿತು. ತಪ್ಪೊಪ್ಪಿಕೊಳ್ಳುವ ದೊಡ್ಡಸ್ತಿಕೆಯೂ ಅವಳಿಗೆ ದಕ್ಕಲಿಲ್ಲ. "ತಪ್ಪಾಯ್ತು ಕಣೇ" ಎಂದಳು.

ಬನ್ನು ಬಟ್ಟೆ ತೆಗೆದುಕೊಂಡು ಕೌಂಟರಿನ ಮೇಲಿನ ಹಿಟ್ಟು ಒರೆಸಿದಳು. ಅದೇ ಜಾಗವನ್ನು ಎರಡು ಸಲ ಒರೆಸಿದಳು. "ಒಂದು ಕೇಳ್ತೀನಿ. ಅಕ್ಷರ ಯಾರದ್ದಾದ್ರೂ ಇರಲಿ, ನನಗೆ ಅದು ಬೇಡ. ನಿನಗೆ ನಿಜವಾಗಿ ಹಾಗೇ ಅನ್ನಿಸಿತ್ತಾ? ನನ್ನ ಮಾತು ಯಾರೂ ಕೇಳ್ಲಿಲ್ಲ ಅಂತ?"

"ಇಲ್ಲ."

"ನನಗೆ ಸಮಾಧಾನ ಮಾಡೋಕೆ ಹೇಳ್ಬೇಡ."

"ಇಲ್ಲ ಕಣೇ. ನಾನು ಅವತ್ತು ಬ್ರೆಡ್ ತಿನ್ನಲೇ ಇಲ್ಲ." ಹಿಂದೆ ನಿಂತವರು ಕೇಳಿಸಿಕೊಳ್ಳುತ್ತಿದ್ದರು, ಕೇಳಿಸಿಕೊಳ್ಳಲಿ ಎನ್ನಿಸಿತು. "ಬೆಂದ ಬ್ರೆಡ್ ತಟ್ಟಿದ್ರೆ ಬಾಗಿಲು ಬಡಿದ ಹಾಗೆ ಕೇಳುತ್ತೆ, ಬೇಯದಿದ್ದದ್ದು ದಿಂಬು ತಟ್ಟಿದ ಹಾಗೆ ಅಂದೆ. ನಿಮ್ಮಪ್ಪನಿಗೆ ಕಿವಿ ಮಂದ ಆಗಿದೆ, ಅವರಿಗೆ ಆ ಸದ್ದು ಕೇಳಲ್ಲ, ಅದಕ್ಕೆ ದಿನಾ ಬೆಳಿಗ್ಗೆ ನೀನೇ ಅವರ ಕಿವಿ ಅಂದೆ. ನನ್ನ ತುಂಡು ಕೈಯಲ್ಲೇ ಆರಿಹೋಯ್ತು. ಅಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿತ್ತು ಅಂತಲೇ ಹೊಟ್ಟೆ ಉರೀತು."

ಬನ್ನುವಿನ ಕೈ ನಿಂತಿತು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲು ಹೋಗಲಿಲ್ಲ.

"ಅದನ್ನೇ ಬರೀಬಹುದಿತ್ತಲ್ಲೇ" ಎಂದಳು.

ಹಿಂದಿದ್ದ ಅಜ್ಜ ಎರಡು ಬ್ರೆಡ್ ಕೊಡಮ್ಮಾ ಎಂದು ಚೀಲ ಮುಂದೆ ಚಾಚಿದರು, ಪತ್ತೇದಾರಿ ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟಳು.